ಅಮ್ಮ, ನಾನು ಮತ್ತು ಫಿಲಿಪ್ಪಿ

ಪ್ರವಾಸಕ್ಕೆ ನನ್ನ ಹೆಸರು ಕೊಟ್ಟದ್ದು ಅಮ್ಮ. ನನಗೆ ಗೊತ್ತಾಗಿದ್ದು ಅವಳು ನನ್ನ ಪಾಸ್‌ಪೋರ್ಟ್ ಹುಡುಕುತ್ತಿದ್ದಾಗ.

"ಗ್ರೀಸಿಗೆ ಹೋಗ್ತಿದ್ದೀವಿ. ಯೇಸುವಿನ ಸುವಾರ್ತೆ ಸಾರುತ್ತಾ ಪೌಲ ನಡೆದ ಊರುಗಳು. ನಮ್ಮ ಚರ್ಚಿನ ಸಭೆಯಿಂದ 18 ಜನ. ನಿನ್ನ ಹೆಸರೂ ಬರೆಸಿದ್ದೀನಿ" ಎಂದಳು. ಬೇಡ ಅನ್ನುವುದಕ್ಕೂ ಶಕ್ತಿ ಬೇಕು. ಅದು ನನ್ನಲ್ಲಿ ಇರಲಿಲ್ಲ.

ತಮ್ಮ ಹೋಗಿ 13 ತಿಂಗಳಾಗಿತ್ತು. ಅವನಿಗೆ 31 ವರ್ಷ. ಎರಡು ವರ್ಷ ಶ್ವಾಸಕೋಶದ ಕಾಯಿಲೆ. ಸಭೆಯವರೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ದರು. ನಾನೂ ಮಾಡಿದ್ದೆ. ಅವನು ಹೋದ ಮೇಲೆ ಭಾನುವಾರ ಚರ್ಚಿಗೆ ಹೋಗಿ ಕೂರುತ್ತಿದ್ದೆ, ಅಷ್ಟೇ. ಗಾಯನ ತಂಡದಲ್ಲಿ 12 ವರ್ಷ ಹಾಡಿದವಳು ನಾನು. ಈಗ ಹಾಡು ಶುರುವಾದರೆ ಪುಸ್ತಕ ತೆರೆದು ಹಿಡಿಯುತ್ತಿದ್ದೆ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಅಮ್ಮ ಹಾಡುತ್ತಿದ್ದಳು. ಅದೂ ನಡುರಾತ್ರಿ. ಗೋಡೆಯಾಚೆಯಿಂದ ಸಣ್ಣ ದನಿ ಬರುತ್ತಿತ್ತು, ದಿನಾ ಅದೇ ಗೀತೆ, ಎರಡನೇ ಚರಣದಲ್ಲಿ ದಿನಾ ಅದೇ ತಪ್ಪು. ನಿಜ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬರುತ್ತಿತ್ತು. ಮಗನನ್ನು ಮಣ್ಣು ಮಾಡಿ ಬಂದವಳಿಗೆ ಹಾಡು ಹೇಗೆ ಬರುತ್ತದೆ? ಕೇಳುವ ಧೈರ್ಯ ಇರಲಿಲ್ಲ. ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗುತ್ತಿದ್ದೆ.

ಮೊದಲ ದಿನ: ಥೆಸಲೋನಿಕ

ವಿಮಾನ ಇಳಿದಾಗ ಮಧ್ಯಾಹ್ನ. ಗೈಡ್ ಗ್ರೀಕ್ ಹೆಂಗಸು, ನಿಧಾನವಾಗಿ ಇಂಗ್ಲಿಷ್ ಮಾತಾಡುವವರು. ಬಸ್ಸಿನಲ್ಲಿ ಮೊದಲು ಕಲಿಸಿದ್ದೇ ನಮಸ್ಕಾರ ಹೇಳುವ ಎರಡು ಬಗೆ. ಒಂದು 'ಯಾ ಸಾಸ್'. ಎಲ್ಲರೂ ಎಲ್ಲ ಕಡೆ ಹೇಳುವುದು ಇದೇ. ಅದರ ಒಳಗಿರುವುದು ಆರೋಗ್ಯ ಎಂಬ ಶಬ್ದ. ಇನ್ನೊಂದು 'ಹೇರೆತೆ'. ಸ್ವಲ್ಪ ಗೌರವದ ಮಾತು, ವಯಸ್ಸಾದವರ ಬಾಯಲ್ಲಿ ಜಾಸ್ತಿ. ಅದರ ಅರ್ಥ 'ಸಂತೋಷಪಡಿ'.

ನಮ್ಮ ಸಭೆಯ ಪಾದ್ರಿ ಅಯ್ಯನವರು ಸೀಟಿನಿಂದ ಎದ್ದೇ ನಿಂತರು. "ಇದು ಪೌಲನ ಮಾತು! ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಕರ್ತನಲ್ಲಿ ಸಂತೋಷಪಡಿರಿ ಅಂತ ಎರಡೆರಡು ಸಲ ಹೇಳ್ತಾನಲ್ಲ, ಅದೇ ಶಬ್ದ!" ಎಂದರು. ಎರಡು ಸಾವಿರ ವರ್ಷದ ಹಿಂದಿನ ಮಾತು ಇನ್ನೂ ಜನರ ಬಾಯಲ್ಲಿ ಇದೆ ಎಂದು ಬಸ್ಸಿನವರೆಲ್ಲ ಖುಷಿಪಟ್ಟರು. ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ 'ಹೇರೆತೆ, ಹೇರೆತೆ' ಓಡಾಡಿತು.

ನಾನು ಕಿಟಕಿಯ ಕಡೆ ತಿರುಗಿದೆ. ಆರೋಗ್ಯ ಒಂದು, ಸಂತೋಷ ಇನ್ನೊಂದು. ನಮ್ಮ ಮನೆಯಿಂದ ಎರಡೂ ಎದ್ದು ಹೋಗಿದ್ದವು.

ಊರು ದೊಡ್ಡದು, ಸಮುದ್ರದ ಅಂಚಿನಲ್ಲೇ ಹಬ್ಬಿಕೊಂಡಿದೆ. ಕ್ರಿಸ್ತಪೂರ್ವ 315ರಲ್ಲಿ ಕಟ್ಟಿದ್ದು. ಅಲೆಕ್ಸಾಂಡರನ ಮಲತಂಗಿಯ ಹೆಸರನ್ನು ಅವಳ ಗಂಡ ಇಟ್ಟದ್ದಂತೆ. ಅವತ್ತು ನೋಡಿದ್ದು ಇಷ್ಟೇ, ಎಲ್ಲರಿಗೂ ನಿದ್ದೆ.

ರಾತ್ರಿ ಅಮ್ಮನ ಕನ್ನಡಕ ಪೆಟ್ಟಿಗೆಯ ತಳ ಸೇರಿತ್ತು. "ಫಿಲಿಪ್ಪಿ ಪತ್ರ ಒಂಚೂರು ಓದು" ಎಂದಳು. ನಾಲ್ಕೇ ಅಧ್ಯಾಯ. ಓದಿದೆ. ಸಂತೋಷ, ಆನಂದ ಎಂಬ ಅರ್ಥದ ಶಬ್ದಗಳು ಗ್ರೀಕಿನಲ್ಲಿ 16 ಸಲ ಬರುತ್ತವೆ ಎಂದು ಅಯ್ಯನವರು ಬಸ್ಸಿನಲ್ಲೇ ಹೇಳಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬರೆಯುವಾಗ ಪೌಲನ ಕೈಗೆ ಬೇಡಿ ಇದೆ. ಬದುಕುತ್ತೇನೋ ಸಾಯುತ್ತೇನೋ ಗೊತ್ತಿಲ್ಲ ಎನ್ನುತ್ತಾನೆ. ಅಳುತ್ತಾ ಹೇಳುತ್ತೇನೆ ಎಂದು ಒಂದು ಕಡೆ ಬರೆಯುತ್ತಾನೆ. ಫಿಲಿಪ್ಪಿಯವರು ಕಳಿಸಿದ ಸಹಾಯ ತಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ದೇವರು ಕರುಣಿಸಿದರು, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎನ್ನುತ್ತಾನೆ ಪೌಲ. ಎಲ್ಲರೂ ಸಂತೋಷದ ಪತ್ರ ಎಂದು ಕರೆಯುವ ಈ ಪತ್ರದಲ್ಲಿ ಇಷ್ಟು ಕಣ್ಣೀರು ಇದೆ ಎಂದು ನಾನು ಗಮನಿಸಿಯೇ ಇರಲಿಲ್ಲ.

ಆದರೆ ಎಪಫ್ರೊದೀತ ಬದುಕಿದ. ಅಲ್ಲಿಗೆ ಬಂದಾಗ ನನ್ನ ದನಿ ಗಟ್ಟಿಯಾಯಿತು. ಮುಗಿಸಿ ಬೈಬಲ್ ಮುಚ್ಚಿದೆ. ಅಮ್ಮ ಏನೂ ಹೇಳಲಿಲ್ಲ, ದೀಪ ಆರಿಸಿದಳು.

ಎರಡನೇ ದಿನ: ಕವಾಲ

ಪೂರ್ವಕ್ಕೆ ಸುಮಾರು 150 ಕಿ.ಮೀ. ಈಗ ಕವಾಲ ಎನ್ನುವ ಬಂದರು ಪೌಲನ ಕಾಲದಲ್ಲಿ ನೆಯಾಪೊಲಿ. ಏಷ್ಯಾದ ಕಡೆಯಿಂದ ಹಡಗು ಹತ್ತಿ ಬಂದ ಪೌಲ ಯುರೋಪಿನ ನೆಲಕ್ಕೆ ಕಾಲಿಟ್ಟದ್ದು ಇಲ್ಲಿ. ಬಂದರಿನ ಹತ್ತಿರ ಸಂತ ನಿಕೊಲಾಸನ ಚರ್ಚಿನ ಹೊರಗೆ ಬಣ್ಣದ ಹರಳು ಕೂರಿಸಿದ ದೊಡ್ಡ ಚಿತ್ರವಿದೆ. ಒಂದು ಕಡೆ ಪೌಲನ ಕನಸು, ಇನ್ನೊಂದು ಕಡೆ ಅವನು ದಡಕ್ಕೆ ಇಳಿಯುವುದು.

ಆ ಕನಸಿನ ಕಥೆ ಗೊತ್ತಿರುವುದೇ. ಏಷ್ಯಾ ಕಡೆಯ ತ್ರೋವ ಎಂಬ ಊರಿನಲ್ಲಿ ಒಂದು ರಾತ್ರಿ ಮಕೆದೋನ್ಯದ ಗಂಡಸೊಬ್ಬ ಕಾಣಿಸಿಕೊಂಡು, ಈ ಕಡೆ ದಾಟಿ ಬಂದು ನಮಗೆ ಸಹಾಯ ಮಾಡು ಎಂದು ಬೇಡಿಕೊಳ್ಳುತ್ತಾನೆ. ಅಯ್ಯನವರು ಒಂದು ಸಣ್ಣ ವಿಷಯ ತೋರಿಸಿದರು. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕ ಬರೆದ ಲೂಕ ಅಲ್ಲಿಯವರೆಗೆ 'ಅವರು ಹೋದರು, ಅವರು ಬಂದರು' ಎಂದು ಬರೆಯುತ್ತಾನೆ. ಕನಸಿನ ಮರುದಿನದಿಂದ ಅದು 'ನಾವು' ಆಗುತ್ತದೆ. ಲೂಕನೂ ಹಡಗು ಹತ್ತಿದ ಅಂತ ಅರ್ಥ. ಎಲ್ಲೂ ಹೇಳಿಕೊಳ್ಳುವುದಿಲ್ಲ, ಸುಮ್ನೆ ಒಂದು ಶಬ್ದ ಬದಲಾಗುತ್ತದೆ.

ನನಗೆ ಹಿಡಿಸಿದ್ದು ಗಾಳಿಯ ಲೆಕ್ಕ. ಬರುವಾಗ ತ್ರೋವದಿಂದ ನೆಯಾಪೊಲಿಗೆ ಎರಡು ದಿನ. ಮುಂದೆ ಕೆಲವು ವರ್ಷ ಬಿಟ್ಟು ಪೌಲ ಇದೇ ಸಮುದ್ರದಲ್ಲಿ ವಾಪಸು ಹೋಗುವಾಗ ಐದು ದಿನ. ಅದೇ ನೀರು, ಅದೇ ದೂರ. ಗಾಳಿ ಎದುರು ಬೀಸಿದ್ದಕ್ಕೆ ಪೌಲನ ವಿಶ್ವಾಸ ಕಡಿಮೆ ಆಯಿತೆಂದು ಯಾರೂ ಹೇಳುವುದಿಲ್ಲ. ತಮ್ಮ ಹಾಸಿಗೆ ಹಿಡಿದಿದ್ದಾಗ ಮನೆಗೆ ಬಂದ ಒಬ್ಬರು, ಮನೆಯಲ್ಲಿ ಏನೋ ಅವಿಶ್ವಾಸ ಇದೆ, ಅದಕ್ಕೇ ವಾಸಿಯಾಗುತ್ತಿಲ್ಲ ಎಂದಿದ್ದರು. ಆ ಮಾತು ಎರಡು ವರ್ಷ ನನ್ನ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅವರನ್ನು ಒಂದು ಸಲ ಹಡಗಿನಲ್ಲಿ ಕೂರಿಸಬೇಕು ಅನ್ನಿಸಿತು.

ಮೂರನೇ ದಿನ: ಫಿಲಿಪ್ಪಿ

ಕವಾಲದಿಂದ ಫಿಲಿಪ್ಪಿ 15 ಕಿ.ಮೀ. ಬೆಳಿಗ್ಗೆ ಮೊದಲು ಹೊಳೆಗೆ ಹೋದೆವು.

ಹೊಳೆ ಎಂದರೆ ದೊಡ್ಡದಲ್ಲ. ಜೋರಾಗಿ ಹರಿಯುವ, ತಳ ಕಾಣುವ ನೀರು, ಮೇಲೆ ಮರದ ನೆರಳು. ದಡದಲ್ಲಿ ಕೂರಲು ಕಲ್ಲು ಕಟ್ಟಿದ್ದಾರೆ. ಪಕ್ಕದಲ್ಲಿ ಎಂಟು ಮೂಲೆಯ ಚರ್ಚು, ಲುದ್ಯಳ ಹೆಸರಿನದು. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಪೌಲ ಪ್ರಾರ್ಥನೆಯ ಜಾಗ ಹುಡುಕಿಕೊಂಡು ಊರ ಬಾಗಿಲಾಚೆ ಹೊಳೆ ದಡಕ್ಕೆ ಬಂದ. ಅಲ್ಲಿ ಇದ್ದದ್ದು ಕೆಲವು ಹೆಂಗಸರು. ಅವರಲ್ಲಿ ಒಬ್ಬಳು ಥುವತೈರ ಊರಿನ ಲುದ್ಯ, ಕೆನ್ನೀಲಿ ಬಟ್ಟೆಯ ವ್ಯಾಪಾರಿ. ಅವಳೂ ಅವಳ ಮನೆಯವರೂ ದೀಕ್ಷಾಸ್ನಾನ ಮಾಡಿಸಿಕೊಂಡರು. ಆಮೇಲೆ, ನನ್ನ ಮನೆಗೆ ಬಂದು ಇಳಿದುಕೊಳ್ಳಿ ಎಂದು ಬಿಡದೆ ಕರೆದುಕೊಂಡು ಹೋದಳು.

"ಕನಸಲ್ಲಿ ಕರೆದದ್ದು ಗಂಡಸು. ಬಂದು ನೋಡಿದ್ರೆ ಕೂತಿದ್ದು ಹೆಂಗಸರು" ಎಂದಳು ಅಮ್ಮ. ಅಯ್ಯನವರಿಗೂ ನಗು ತಡೆಯಲಿಲ್ಲ. ನಾನೂ ನಕ್ಕೆ. ನಕ್ಕ ಮೇಲೆ ಏನೋ ತಪ್ಪು ಮಾಡಿದ ಹಾಗೆ ಆಯಿತು. ಮನೆಯಲ್ಲಿ ಸಾವು ಕಂಡವರಿಗೆ ಇದು ಗೊತ್ತಿರುತ್ತದೆ. ನಗು ಬಂದ ಕ್ಷಣ ಹೋದವರನ್ನು ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತದೆ.

ಅಮ್ಮ ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಬಿಟ್ಟಳು. "ಅಬ್ಬಾ, ಏನು ತಣ್ಣಗಿದೆ!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಅವಳನ್ನು ನೋಡುತ್ತಾ ನಿಂತೆ.

ಅಲ್ಲಿಂದ ಹಳೆಯ ಊರು. ಅಲೆಕ್ಸಾಂಡರನ ಅಪ್ಪ ಫಿಲಿಪ್ಪ ಕ್ರಿಸ್ತಪೂರ್ವ 356ರಲ್ಲಿ ಇದನ್ನು ಹಿಡಿದು ತನ್ನ ಹೆಸರು ಇಟ್ಟ. ಕ್ರಿಸ್ತಪೂರ್ವ 42ರಲ್ಲಿ ಇದರ ಪಕ್ಕದ ಬಯಲಿನಲ್ಲೇ ಸೀಸರನನ್ನು ಕೊಂದ ಬ್ರೂಟಸ್ ಮತ್ತು ಕ್ಯಾಸಿಯಸ್ ಸೋತು ಸತ್ತದ್ದು. ಗೆದ್ದವರು ತಮ್ಮ ನಿವೃತ್ತ ಸಿಪಾಯಿಗಳಿಗೆ ಇಲ್ಲಿ ನೆಲ ಕೊಟ್ಟರು. ಹೀಗೆ ಗ್ರೀಸಿನ ನಡುವೆ ಇದೊಂದು ರೋಮಿನ ತುಂಡಾಯಿತು. 2016ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಇದೆ. ಬೆಟ್ಟದ ಬದಿಗೆ ಕೆತ್ತಿದ ರಂಗಮಂದಿರ, ಊರ ನಡುವಿನ ಚೌಕ, ಮುರಿದು ನಿಂತ ದೊಡ್ಡ ಚರ್ಚುಗಳ ಕಂಬ. ಎಂಟು ಮೂಲೆಯ ಒಂದು ಚರ್ಚಿನ ಅಡಿಯಲ್ಲಿ ಇನ್ನೂ ಹಳೆಯದೊಂದು ಚರ್ಚು ಸಿಕ್ಕಿದೆ, 4ನೇ ಶತಮಾನದ್ದು. ಅದರ ನೆಲದ ಹರಳಿನ ಬರಹದಲ್ಲಿ ಪೌಲನ ಹೆಸರೂ ಬಿಷಪ್ ಪೊರ್ಫೀರಿಯನ ಹೆಸರೂ ಇವೆ. ಪೌಲನನ್ನು ಹೊಡೆದ ಊರು ಮೂರು ಶತಮಾನ ಕಳೆಯುವಷ್ಟರಲ್ಲಿ ಅವನ ಹೆಸರಿನ ಚರ್ಚು ಕಟ್ಟಿತ್ತು.

ಮಧ್ಯದಲ್ಲಿ ಎಗ್ನಾಟಿಯ ರಸ್ತೆಯ ಕಲ್ಲುಗಳು. ರೋಮನ್ನರ ಈ ರಸ್ತೆ ಆಡ್ರಿಯಾಟಿಕ್ ಸಮುದ್ರದಿಂದ ಬೈಜಾಂಟಿಯಮ್‌ವರೆಗೆ ಸುಮಾರು 1,100 ಕಿ.ಮೀ. ಇತ್ತು. ಗಾಡಿ ಚಕ್ರ ಉಜ್ಜಿ ಆದ ಗೆರೆಗಳು ಇವತ್ತಿಗೂ ಕಾಣುತ್ತವೆ. ಅಮ್ಮ ಬಗ್ಗಿ ಒಂದು ಗೆರೆಯ ಮೇಲೆ ಕೈ ಆಡಿಸಿದಳು.

ಆಮೇಲೆ ಸೆರೆಮನೆ.

ಗೈಡ್ ಮೊದಲೇ ಹೇಳಿಬಿಟ್ಟರು: ಇದು ಪೌಲನ ಸೆರೆಮನೆ ಎನ್ನುವುದು ಬರೀ ನಂಬಿಕೆ. ಅಗೆದು ನೋಡಿದವರ ಪ್ರಕಾರ ಇದು ರೋಮನ್ನರ ನೀರಿನ ತೊಟ್ಟಿ, ಆಮೇಲೆ ಜನ ಇದನ್ನು ಪ್ರಾರ್ಥನೆಯ ಜಾಗ ಮಾಡಿಕೊಂಡರು. ನಮ್ಮಲ್ಲಿ ಕೆಲವರಿಗೆ ಬೇಸರವಾಯಿತು. ನನಗೆ ಆಗಲಿಲ್ಲ. ನಡೆದದ್ದು ಈ ಊರಲ್ಲಿ ಎಂದರೆ ಸಾಕು, ಮೂಲೆ ಯಾವುದಾದರೇನು.

ಅಯ್ಯನವರು ಆ ಸಣ್ಣ ಕಲ್ಲಿನ ಕೋಣೆಯ ಮುಂದೆ ನಿಂತು ಕೃತ್ಯಗಳ 16ನೇ ಅಧ್ಯಾಯ ಓದಿದರು. ಕಣಿ ಹೇಳುವ ದೆವ್ವ ಹಿಡಿದ ಒಬ್ಬ ದಾಸಿ ಹುಡುಗಿ, ಅವಳಿಂದ ಕಾಸು ಮಾಡುತ್ತಿದ್ದ ಯಜಮಾನರು. ಪೌಲ ಅವಳನ್ನು ಬಿಡಿಸಿದ. ಆದಾಯ ನಿಂತಿತು ನೋಡಿ, ಯಜಮಾನರು ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಚೌಕಕ್ಕೆ ಎಳೆದುಕೊಂಡು ಬಂದರು. ಅಧಿಕಾರಿಗಳು ಬಟ್ಟೆ ಹರಿದು ಕೋಲಿನಿಂದ ಹೊಡೆಸಿದರು. ಒಳಗಿನ ಸೆರೆಗೆ ತಳ್ಳಿ ಕಾಲಿಗೆ ಕೋಳ ಹಾಕಿಸಿದರು. ಹೊಡೆಯುವ ಮೊದಲು ವಿಚಾರಣೆಯೂ ಇಲ್ಲ. ನಡುರಾತ್ರಿ ಇಬ್ಬರೂ ಪ್ರಾರ್ಥಿಸುತ್ತಾ ಹಾಡುತ್ತಿದ್ದರು. ಸೆರೆಯಲ್ಲಿದ್ದ ಉಳಿದವರು ಕೇಳುತ್ತಿದ್ದರು. ಭೂಕಂಪ. ಬಾಗಿಲುಗಳೆಲ್ಲ ತೆರೆದವು, ಎಲ್ಲರ ಬೇಡಿಗಳೂ ಕಳಚಿದವು.

ಓದು ಮುಂದೆ ಹೋಯಿತು. ನಾನು ಅಲ್ಲೇ ನಿಂತೆ. ಎಲ್ಲರ ಬೇಡಿಗಳೂ?

ಭಾನುವಾರದ ಪಾಠಶಾಲೆಯಿಂದ ಈ ಕಥೆ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳಿಗೆ ಹೇಳಿಯೂ ಕೊಟ್ಟಿದ್ದೇನೆ. ಪ್ರತಿ ಸಲ ಕಥೆ ಹಾಡಿದವರದ್ದೇ. ಕಷ್ಟದಲ್ಲೂ ಹಾಡಬೇಕು, ಪೌಲನ ಹಾಗೆ, ಸೀಲನ ಹಾಗೆ. ಕಳೆದ 13 ತಿಂಗಳು ಈ ಕಥೆ ನನ್ನ ಕಡೆ ಬೆರಳು ತೋರಿಸುತ್ತಿತ್ತು. ಅವರು ಬೆನ್ನು ಹರಿದುಕೊಂಡು ಹಾಡಿದರು, ನಿನಗೇನಾಗಿದೆ? ಆದರೆ ಆ ಕತ್ತಲೆಯಲ್ಲಿ ಇನ್ನೂ ಜನ ಇದ್ದರು. ಅವರು ಹಾಡಲಿಲ್ಲ. ಹಾಡು ಅವರಿಗೆ ಬರುತ್ತಲೂ ಇರಲಿಲ್ಲ. ಯಾರು, ಏನು ತಪ್ಪು ಮಾಡಿದ್ದರು, ಲೂಕ ಬರೆದಿಲ್ಲ. ಅವರು ಮಾಡಿದ್ದು ಒಂದೇ ಕೆಲಸ, ಕೇಳಿದ್ದು. ಬೇಡಿ ಅವರದ್ದೂ ಕಳಚಿತು.

ಗುಂಪಿನವರು ಒಂದು ಗೀತೆ ಹಾಡಿದರು. ಕಲ್ಲಿನ ಗೋಡೆಗೆ ತಾಗಿ ದನಿ ತುಂಬಿಕೊಂಡಿತು. ನಾನು ಹಾಡಲಿಲ್ಲ. ಮೊದಲ ಸಲ ಹಾಡದೆ ಇದ್ದದ್ದಕ್ಕೆ ನಾಚಿಕೆ ಆಗಲಿಲ್ಲ. ಕಣ್ಣು ಮುಚ್ಚಿ ಕೇಳಿದೆ, ಒಂದೊಂದೇ ದನಿ ಬೇರೆ ಮಾಡಿ. ಅಮ್ಮನದು ಸ್ವಲ್ಪ ಒಡೆದ ದನಿ, ತಟ್ಟನೆ ಸಿಕ್ಕಿತು.

ಉಳಿದವರು ಮ್ಯೂಸಿಯಂ ಕಡೆ ಹೋದರು. ನಾವಿಬ್ಬರು ಚೌಕದ ಮೆಟ್ಟಿಲ ಮೇಲೆ ಕೂತೆವು. ಕೊನೆಗೂ ಕೇಳಿದೆ.

"ಅಮ್ಮ, ರಾತ್ರಿ ಹಾಡ್ತೀಯಲ್ಲ. ಹೇಗೆ ಬರುತ್ತೆ ನಿಂಗೆ?"

"ನಿಂಗೆ ಕೇಳಿಸುತ್ತಾ?"

"ದಿನಾ."

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಸಂತೋಷಕ್ಕೆ ಹಾಡ್ತೀನಿ ಅಂದ್ಕೊಂಡಿದ್ದೀಯಾ? ಸುಮ್ನೆ ಮಲಗಿದ್ರೆ ಅವನ ಕೆಮ್ಮು ಕೇಳಿಸುತ್ತೆ ಕಣೆ. ಹಾಡಿದ್ರೆ ಅದು ಸ್ವಲ್ಪ ದೂರ ಹೋಗುತ್ತೆ. ಅದಕ್ಕೇ ಶುರು ಮಾಡಿದ್ದು."

"ಈಗ?"

"ಈಗ ಒಂದೊಂದು ರಾತ್ರಿ ಹಾಡಿನ ಮಾತು ಕೇಳಿಸುತ್ತೆ. ಅವನು ಎಲ್ಲಿದ್ದಾನೋ ಅಲ್ಲಿ ಕೆಮ್ಮಿಲ್ಲ ಅಂತ ಗೊತ್ತಾಗುತ್ತೆ. ಎಲ್ಲಾ ರಾತ್ರಿ ಅಲ್ಲ."

"ದೇವರ ಮೇಲೆ ಸಿಟ್ಟಿಲ್ವಾ?"

"ಇದೆ. ಅವನ ಹತ್ರಾನೇ ಹೇಳ್ತೀನಿ. ಇನ್ಯಾರ ಹತ್ರ ಹೇಳಲಿ?"

ಬಿಸಿಲು ಚೆನ್ನಾಗಿ ಏರಿತ್ತು. ಚೌಕದ ಕಲ್ಲುಗಳ ನಡುವೆ ಹುಲ್ಲು. ಎಲ್ಲೋ ಇಲ್ಲೇ ಪೌಲನಿಗೆ ಹೊಡೆದರು. ಮರುದಿನ ಅಧಿಕಾರಿಗಳು, ಗುಟ್ಟಾಗಿ ಬಿಟ್ಟುಬಿಡಿ ಎಂದು ಹೇಳಿ ಕಳಿಸಿದಾಗ ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಎಲ್ಲರ ಮುಂದೆ ಹೊಡೆಸಿದಿರಿ, ಈಗ ನೀವೇ ಬಂದು ಕರೆದುಕೊಂಡು ಹೋಗಿ ಎಂದ. ಈ ಭಾಗ ನನಗೆ ಯಾವಾಗಲೂ ಇಷ್ಟ. ರಾತ್ರಿ ಹಾಡಿದವನು ಬೆಳಿಗ್ಗೆ ನ್ಯಾಯ ಕೇಳುತ್ತಾನೆ. ಹಾಡಿದ ಮಾತ್ರಕ್ಕೆ ಆದದ್ದೆಲ್ಲ ಸರಿ ಎಂದು ಒಪ್ಪಿಕೊಂಡ ಹಾಗಲ್ಲ.

ನಾಲ್ಕನೇ ದಿನ: ಮತ್ತೆ ಥೆಸಲೋನಿಕ

ಪೌಲ ಹೋದ ದಾರಿಯಲ್ಲೇ ಪಶ್ಚಿಮಕ್ಕೆ. ಅಂಫಿಪೊಲಿಯಲ್ಲಿ ಇಳಿದು ಕಲ್ಲಿನ ದೊಡ್ಡ ಸಿಂಹದ ಮುಂದೆ ಫೋಟೋ ತೆಗೆಸಿಕೊಂಡೆವು. ಅದಕ್ಕೂ ನಮ್ಮ ಪ್ರವಾಸಕ್ಕೂ ಸಂಬಂಧವಿಲ್ಲ, ಸಿಂಹ ಚೆನ್ನಾಗಿತ್ತು.

ಸಂಜೆ ಊರ ಮೇಲ್ಭಾಗದಿಂದ ಸಮುದ್ರ ನೋಡುತ್ತಾ ಕೂತಾಗ ಥೆಸಲೋನಿಕದವರಿಗೆ ಬರೆದ ಮೊದಲನೇ ಪತ್ರ ಓದಿದೆವು. ಪೌಲನ ಪತ್ರಗಳಲ್ಲಿ ಇದೇ ಮೊದಲನೆಯದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಹೊಸ ವಿಶ್ವಾಸಿಗಳು, ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಯೇಸು ಮತ್ತೆ ಬರುವ ಮೊದಲೇ ಹೋದವರ ಗತಿ ಏನು ಎಂಬುದು ಉಳಿದವರ ಚಿಂತೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎಂದು ಪೌಲ ಬರೆಯುತ್ತಾನೆ.

ತಮ್ಮನ ಮಣ್ಣಿನ ದಿನ ಈ ವಾಕ್ಯವನ್ನು ನನ್ನ ಕಿವಿಯಲ್ಲಿ ನಾಲ್ಕು ಜನ ಹೇಳಿದ್ದರು. ಅಳಬೇಡ ಎನ್ನುವ ಅರ್ಥದಲ್ಲಿ. ಅಂದಿನಿಂದ ಆ ಪುಟ ತೆರೆದಿರಲಿಲ್ಲ. ಈಗ ನಿಧಾನವಾಗಿ ಓದಿದೆ. ಅಳಬೇಡಿ ಎಂದು ಇಲ್ಲ. ಅವರ ಹಾಗೆ ಅಳಬೇಡಿ ಎಂದಿದೆ. ನಮ್ಮದೇ ರೀತಿಯಲ್ಲಿ ಅಳುವುದಕ್ಕೆ ಜಾಗ ಇದೆ. ಸತ್ತವರು ಮೊದಲು ಏಳುತ್ತಾರೆ, ಆಮೇಲೆ ನಾವು, ಎಲ್ಲರೂ ಒಟ್ಟಿಗೆ ಕರ್ತನನ್ನು ಎದುರುಗೊಳ್ಳುತ್ತೇವೆ, ಈ ಮಾತಿನಿಂದ ಒಬ್ಬರನ್ನೊಬ್ಬರು ಸಂತೈಸಿಕೊಳ್ಳಿ ಎಂದು ಮುಂದೆ ಬರೆಯುತ್ತಾನೆ. 'ಒಟ್ಟಿಗೆ' ಎಂಬಲ್ಲಿ ಅಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

ಇದೇ ಪತ್ರದ ಕೊನೆಯಲ್ಲಿ 'ಯಾವಾಗಲೂ ಸಂತೋಷವಾಗಿರಿ' ಎಂಬ ಪುಟ್ಟ ವಾಕ್ಯ ಇದೆ. ಗ್ರೀಕಿನಲ್ಲಿ ಎರಡೇ ಶಬ್ದ. ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟನು ಎನ್ನುವುದು ಗ್ರೀಕಿನಲ್ಲಿ ಮೂರು ಶಬ್ದ. "ಲೆಕ್ಕದಲ್ಲಿ ಕಣ್ಣೀರಿಗೇ ಒಂದು ಶಬ್ದ ಜಾಸ್ತಿ" ಎಂದರು ಅಯ್ಯನವರು. ಅವರಿಗೂ ಹೆಂಡತಿ ಇಲ್ಲ, ಆರು ವರ್ಷವಾಯಿತು. ಅದು ನೆನಪಾಗಿದ್ದು ಆಗ.

ಐದನೇ ದಿನ: ಬೆರೋಯ, ಆಮೇಲೆ ಬಸ್ಸು

ಈಗಿನ ಹೆಸರು ವೆರಿಯ. ಪೌಲ ನಿಂತು ಮಾತಾಡಿದ ಜಾಗವೆಂದು ನಂಬುವಲ್ಲಿ ಹರಳಿನ ಚಿತ್ರಗಳಿರುವ ಒಂದು ಸ್ಮಾರಕ. ಇಲ್ಲಿನ ಜನ ಪೌಲ ಹೇಳಿದ್ದು ನಿಜವೋ ಎಂದು ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು, ಲೂಕ ಅದನ್ನು ಹೊಗಳಿ ಬರೆದಿದ್ದಾನೆ. ಪ್ರಶ್ನೆ ಕೇಳುವುದನ್ನು ಅವಿಶ್ವಾಸ ಎನ್ನುವವರಿಗೆ ಈ ಊರು ತೋರಿಸಬೇಕು.

ಉಳಿದ ದಿನ ಪೂರ್ತಿ ಅಥೆನ್ಸ್ ಕಡೆ ಬಸ್ಸು. ಒಲಿಂಪಸ್ ಬೆಟ್ಟ ಬಹಳ ಹೊತ್ತು ಜೊತೆಗೆ ಬಂತು. ನಿದ್ದೆ ಮಾಡಿದೆ. ಕನಸಿಲ್ಲದ ನಿದ್ದೆ, ತುಂಬಾ ದಿನವಾಗಿತ್ತು.

ಆರನೇ ದಿನ: ಅಥೆನ್ಸ್

ಜನಜಂಗುಳಿ. ನನಗೆ ಈ ಊರು ಅಷ್ಟು ಹಿಡಿಸಲಿಲ್ಲ. ಪೌಲನಿಗೂ ಇಲ್ಲಿ ಮನಸ್ಸು ನೆಮ್ಮದಿಯಾಗಿರಲಿಲ್ಲ, ಜೊತೆಗಾರರು ಇನ್ನೂ ಬಂದಿರಲಿಲ್ಲ, ಕಾಯುತ್ತಿದ್ದ. ಅರಿಯೊಪಾಗದ ಬಂಡೆ ಹತ್ತಿದೆವು. ತಿಳಿಯದ ದೇವರಿಗೆ ಎಂದು ಬರೆದ ಬಲಿಪೀಠ ಕಂಡು ಪೌಲ ಅಲ್ಲಿಂದ ಮಾತು ಶುರು ಮಾಡಿದ್ದು ಇಲ್ಲಿ. ಬಂಡೆಯ ಕೆಳಗೆ ಆ ಉಪದೇಶವನ್ನು ಗ್ರೀಕಿನಲ್ಲಿ ಲೋಹದ ಫಲಕದ ಮೇಲೆ ಹಾಕಿದ್ದಾರೆ.

ಶತಮಾನಗಳಿಂದ ಜನ ತುಳಿದು ಬಂಡೆ ಗಾಜಿನ ಹಾಗೆ ನುಣುಪಾಗಿದೆ. ಅಮ್ಮ ಜಾರಿ ಕೂತಳು. ಪೆಟ್ಟಾಗಲಿಲ್ಲ. ಕೂತಲ್ಲೇ ಸುತ್ತ ನೋಡಿ, "ಪೌಲನೂ ಜಾರಿರಬೇಕು, ಲೂಕ ಬರೆದಿಲ್ಲ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಮ್ಮ ಇದ್ದಿದ್ದರೆ ವಿಡಿಯೋ ಮಾಡುತ್ತಿದ್ದ ಎಂದೆ. "ಮಾಡಿ ಎಲ್ಲರಿಗೂ ಕಳಿಸ್ತಿದ್ದ" ಎಂದಳು. ಅವನ ಹೆಸರು ಎತ್ತಿ ನಾವು ನಕ್ಕದ್ದು ಅದೇ ಮೊದಲು. ಈ ಸಲ ತಪ್ಪು ಅನ್ನಿಸಲಿಲ್ಲ.

ಇಳಿಯುವಾಗ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಅಮ್ಮನನ್ನು ನೋಡಿ ತಲೆ ಬಾಗಿಸಿ "ಹೇರೆತೆ" ಎಂದರು. ಅಮ್ಮ "ಆಯ್ತಪ್ಪ" ಎಂದಳು, ಕನ್ನಡದಲ್ಲೇ.

ಸಂಜೆ ಗೈಡ್ ಹತ್ತಿರ ಈ ಶಬ್ದದ ಬಗ್ಗೆ ಇನ್ನಷ್ಟು ಕೇಳಿದೆ. ಅವರು ತಮ್ಮ ಗ್ರೀಕ್ ಸುವಾರ್ತೆ ತೆಗೆದು ಮೂರು ಜಾಗ ತೋರಿಸಿದರು. ದೇವದೂತ ಮರಿಯಳಿಗೆ ಹೇಳುವ ಮೊದಲ ಮಾತು ಇದೇ. ಮುಳ್ಳಿನ ಕಿರೀಟ ಇಟ್ಟ ಸಿಪಾಯಿಗಳು ಯೆಹೂದ್ಯರ ಅರಸನೇ ಎಂದು ಯೇಸುವನ್ನು ಗೇಲಿ ಮಾಡುವಾಗ ಹೇಳುವುದೂ ಇದೇ. ಮೂರನೆಯದು ಮತ್ತಾಯನ ಕೊನೆಯ ಅಧ್ಯಾಯ. ಸಮಾಧಿಯಿಂದ ಓಡಿಬರುತ್ತಿರುವ ಹೆಂಗಸರಿಗೆ ಎದ್ದು ಬಂದ ಯೇಸು ಎದುರಾಗಿ ಹೇಳುವ ಮೊದಲ ಮಾತು: ಹೇರೆತೆ. ಅನುವಾದದಲ್ಲಿ ಅದು ಬರೀ ನಮಸ್ಕಾರವಾಗಿ ದಾಟಿಹೋಗುತ್ತದೆ. ಆ ಹೆಂಗಸರು ಹೊರಟದ್ದು ಸಮಾಧಿ ನೋಡುವುದಕ್ಕೆ. ಅವರನ್ನು ಗೇಲಿಯ ಅದೇ ಶಬ್ದ ಎದುರುಗೊಂಡಿತು, ಈ ಸಲ ಗೇಲಿ ಇಲ್ಲದೆ.

ಏಳನೇ ದಿನ: ಕೊರಿಂಥ

ಅಥೆನ್ಸ್‌ನಿಂದ ಸುಮಾರು 80 ಕಿ.ಮೀ. ದಾರಿಯಲ್ಲಿ ಕೊರಿಂಥದ ಕಾಲುವೆ, 1893ರಲ್ಲಿ ತೆರೆದದ್ದು. ಹಳೆಯ ಊರಿನಲ್ಲಿ ಅಪೊಲೊ ಗುಡಿಯ ಏಳು ಕಂಬ ನಿಂತಿವೆ. ಚೌಕದಲ್ಲಿ ನ್ಯಾಯಾಸನದ ಕಟ್ಟೆ. ಪೌಲನನ್ನು ರಾಜ್ಯಪಾಲ ಗಲ್ಲಿಯೋನನ ಮುಂದೆ ನಿಲ್ಲಿಸಿದ್ದು ಇಲ್ಲಿ. ಗಲ್ಲಿಯೋನನ ಹೆಸರಿರುವ ಒಂದು ಶಾಸನ ಡೆಲ್ಫಿಯಲ್ಲಿ ಸಿಕ್ಕಿರುವುದರಿಂದ ಇದೆಲ್ಲ ಕ್ರಿ.ಶ. 51ರ ಆಸುಪಾಸು ಎಂದು ಲೆಕ್ಕ ಹಾಕಬಹುದು.

ನಾನು ಬಲಹೀನನಾಗಿ, ಹೆದರಿ, ನಡುಗುತ್ತಾ ನಿಮ್ಮ ಹತ್ತಿರ ಬಂದೆ ಎಂದು ಪೌಲ ಕೊರಿಂಥದವರಿಗೆ ಆಮೇಲೆ ಬರೆಯುತ್ತಾನೆ. ಎರಡನೇ ಪತ್ರದಲ್ಲಿ ಇನ್ನೂ ಹೇಳುತ್ತಾನೆ: ಏಷ್ಯಾದಲ್ಲಿ ನಮಗೆ ಬದುಕುವ ಆಸೆಯೇ ಹೋಗಿತ್ತು. ಅದೇ ಪತ್ರದಲ್ಲಿ, ದುಃಖಪಡುವವರಾದರೂ ಯಾವಾಗಲೂ ಸಂತೋಷಿಸುವವರು ಎಂದು ತನ್ನ ಬಗ್ಗೆ ಬರೆದುಕೊಳ್ಳುತ್ತಾನೆ. ಮೊದಲು ದುಃಖ, ಆಮೇಲೆ ಸಂತೋಷ ಎಂದಲ್ಲ. ಎರಡೂ ಒಂದೇ ಎದೆಯಲ್ಲಿ. ನದಿಯ ನೀರಿಗೆ ಕಾಲು ಬಿಟ್ಟು ಕೂಗಿದ ಅಮ್ಮ ನೆನಪಾದಳು.

ಶರೀರದಲ್ಲಿ ನಾಟಿದ ಮುಳ್ಳಿನ ಮಾತೂ ಈ ಪತ್ರದಲ್ಲೇ ಇದೆ. ತೆಗೆದುಹಾಕು ಎಂದು ಪೌಲ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ನಾನು ಮೂರು ಸಲಕ್ಕಿಂತ ಜಾಸ್ತಿ ಬೇಡಿಕೊಂಡಿದ್ದೆ. ಆ 'ಸಾಕು' ನನಗೆ ಇನ್ನೂ ಸಾಕಾಗುತ್ತಿಲ್ಲ. ಆದರೆ ಕೇಳಿದ್ದು ಸಿಗದೇ ಹೋದವರ ಸಾಲಿನಲ್ಲಿ ಪೌಲನೂ ನಿಂತಿದ್ದಾನೆ. ನ್ಯಾಯಾಸನದ ಎದುರಿನ ಕಲ್ಲಿನ ಮೇಲೆ ಕೂತು ದೇವರಿಗೆ ಇದನ್ನೇ ಹೇಳಿದೆ. ತಮ್ಮ ಹೋದ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಅರ್ಧ ಸಿಟ್ಟೇ ಇತ್ತು.

ರಾತ್ರಿ ಅಥೆನ್ಸ್‌ನ ಹೋಟೆಲ್. ಬೆಳಿಗ್ಗೆ ವಿಮಾನ. ಪೆಟ್ಟಿಗೆ ತುಂಬಿ ಮಲಗಿದೆವು. ಎಚ್ಚರವಾದಾಗ ಹನ್ನೆರಡು ದಾಟಿತ್ತು. ಪಕ್ಕದ ಹಾಸಿಗೆಯಿಂದ ಸಣ್ಣಗೆ ಹಾಡು ಬರುತ್ತಿತ್ತು, ನನ್ನನ್ನು ಎಬ್ಬಿಸಬಾರದೆಂದು ಇನ್ನೂ ಸಣ್ಣಗೆ. ಮೊದಲ ಚರಣ ಮುಗಿಯಿತು. ಎರಡನೆಯದು ಶುರುವಾಯಿತು. ಮೂರನೇ ಸಾಲು ಬಂತು.

"ಅಮ್ಮ, ಅಲ್ಲಿ ತಪ್ಪು ಹಾಡ್ತೀಯ. ದಿನಾ ತಪ್ಪು ಹಾಡ್ತೀಯ."

ಕತ್ತಲೆಯಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದ್ರೆ ನೀನೇ ಹೇಳಿಕೊಡು."

ಹೇಳಿಕೊಟ್ಟೆ. ಹಾಡಲಿಲ್ಲ, ಮಾತು ಮಾತ್ರ ಹೇಳಿದೆ. ಅವಳು ಅದನ್ನು ರಾಗಕ್ಕೆ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದಳು.